ಕೆರೆಯಂಗಡಿ ಮತ್ತು ದೊಡ್ಡವ್ವನ ಹಗೇವು

ಚೀಲದೊಳಗೆ ಕೈ ಹಾಕಿದರೆ ರಾಗಿ ಬೆಚ್ಚಗಿತ್ತು. ಅಂಗಡಿಯವರ ಮನೆಯಲ್ಲಿ ಹುಟ್ಟಿದ ನನಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊಣಕೈವರೆಗೂ ಇಳಿಸಿದೆ. ಒಳಗೆ ಇನ್ನೂ ಬಿಸಿ, ಜ್ವರ ಬಂದ ಮಗುವಿನ ಹೊಟ್ಟೆಯ ಹಾಗೆ. ಕೈ ಹೊರಗೆ ತೆಗೆದಾಗ ಬೆರಳ ಸಂದಿಗಳಲ್ಲಿ ಬಿಳಿಯ ಮೊಳಕೆಗಳು ಅಂಟಿಕೊಂಡಿದ್ದವು.

ಪುನರ್ವಸು ಮಳೆ ಹಿಡಿದು ಎಂಟು ದಿನವಾಗಿತ್ತು. ಐವತ್ತರ ದಶಕದ ಮೊದಲ ವರ್ಷಗಳು ಅವು. ಅಕ್ಕಿ, ರಾಗಿ, ಸಕ್ಕರೆ, ಸೀಮೆಎಣ್ಣೆ ಎಲ್ಲವೂ ಸರ್ಕಾರದ ಕಂಟ್ರೋಲಿನಲ್ಲಿದ್ದು ಕಾರ್ಡಿಗೆ ಮಾತ್ರ ಸಿಗುತ್ತಿದ್ದ ಕಾಲ. ಅಂತರಸಂತೆಯಿಂದ ಕಾಕನಕೋಟೆ ಕಾಡಿನ ಕಡೆಗೆ ನಾಲ್ಕು ಮೈಲಿ ಗಾಡಿ ದಾರಿಯಲ್ಲಿ ಹೋದರೆ ಒಂದು ಕೆರೆ. ಅದರ ಏರಿಯ ಕೆಳಗೆ ನನ್ನ ಕಂಟ್ರೋಲ್ ಅಂಗಡಿ. ಕೆರೆಯ ಸುತ್ತ ನಲವತ್ತು ಮನೆಗಳಿದ್ದವು. ಅವರಿಗೆ ಉಪ್ಪು ಬೇಕಾದರೂ ನನ್ನ ಅಂಗಡಿ, ಒಂದು ಲೋಟ ಕಾಫಿ ಬೇಕಾದರೂ ನನ್ನ ಅಂಗಡಿ. ಮುಂದಿನ ಕೋಣೆಯಲ್ಲಿ ತಕ್ಕಡಿ, ಸೇರು, ಪಾವು. ಹಿಂದಿನ ಕೋಣೆಯಲ್ಲಿ ಎರಡು ಬೆಂಚು ಹಾಕಿದ ಹೋಟ್ಲು. ಬೆಳಿಗ್ಗೆ ಬೆಲ್ಲದ ಕಾಫಿ ಮತ್ತು ಉಪ್ಪಿಟ್ಟು, ಮಧ್ಯಾಹ್ನ ಮುದ್ದೆ ಮತ್ತು ಹುರುಳಿಕಾಳಿನ ಸಾರು. ಸಾಹುಕಾರನೂ ನಾನೇ, ಅಡುಗೆಯವನೂ ನಾನೇ, ಲೋಟ ತೊಳೆಯುವವನೂ ನಾನೇ.

ರಾಗಿ ಹಾಳಾದದ್ದು ನನ್ನ ತಪ್ಪಿನಿಂದಲೇ. ಹುಣಸೂರು ಪೇಟೆಯ ನಮ್ಮ ಅಂಗಡಿಗೆ ಸುಟ್ಟ ಇಟ್ಟಿಗೆಯ ಗೋಡೆ. ಮೂಟೆಗಳನ್ನು ಗೋಡೆಗೆ ಒತ್ತಿ ಜೋಡಿಸಿದರೆ ಇಲಿಗೆ ಓಡಾಡಲು ಜಾಗವಿರುವುದಿಲ್ಲ ಎಂದು ನಮ್ಮ ತಂದೆ ಕಲಿಸಿದ್ದರು. ಅದೇ ವಿದ್ಯೆಯನ್ನು ಇಲ್ಲಿಯೂ ತೋರಿಸಿದೆ. ಇಲ್ಲಿಯದು ಮಣ್ಣಿನ ಗೋಡೆ, ಅದೂ ಪಡುವಣ ದಿಕ್ಕಿಗೆ. ವೈನಾಡಿನ ಕಡೆಯಿಂದ ಬೀಸುವ ಎರಚಲಿಗೆ ಅದು ಒಳಗೊಳಗೇ ನೀರು ಕುಡಿದಿತ್ತು. ಮೂಟೆ ಇಳಿಸುವಾಗಲೇ ಗಾಡಿ ಹೊಡೆಯುವವನು ಹೇಳಿದ್ದ: “ಗೋಡೆಗೆ ಒಂದು ಮೊಳ ಬುಟ್ಟು ಜೋಡ್ಸಿ ಬುದ್ಧಿ. ಇಲ್ಲಿ ಮಳೆ ಗೋಡೆ ಒಳಗಿಂದ ಬತ್ತದೆ.” ನನಗೆ ಮೂಗಿನ ತುದಿಯಲ್ಲೇ ಕೋಪ. ಅಂಗಡಿ ಇಡುವುದನ್ನು ಗಾಡಿಯವನಿಂದ ಕಲಿಯಬೇಕಿಲ್ಲ ಎಂದು ಅವನ ಬಾಯಿ ಮುಚ್ಚಿಸಿದ್ದೆ.

ರಾಗಿ ಬಿಸಿಯಾದದ್ದು ಕಂಡ ದಿನವೇ ಅವನು ಗಾಡಿಯಿಲ್ಲದೆ, ಗೋಣಿ ಕೊಪ್ಪೆ ಹಾಕಿಕೊಂಡು ನಡೆದು ಬಂದ. ತಾಲ್ಲೂಕಿನ ಊರಾದ ಕೋಟೆಯಿಂದ ಹ್ಯಾಂಡ್‌ಪೋಸ್ಟ್ ಮಾರ್ಗವಾಗಿ ಲಾರಿಯಲ್ಲಿ ಅಂತರಸಂತೆಗೆ ಬರುವ ಮೂಟೆಗಳನ್ನು ಇಲ್ಲಿಗೆ ತರುವವನು ಅವನೊಬ್ಬನೇ.

“ಅಳ್ಳದ ಮೋರಿ ಕೊಚ್ಕೊಂಡೋಗೈತೆ ಬುದ್ಧಿ,” ಎಂದ. “ಆಚೆ ದಡದೋರು ಕೂಗುದ್ರೂ ಕೇಳಾಕಿಲ್ಲ. ಗಾಡಿ ಮಾತಿರ್ಲಿ, ಆನೆ ಬಂದ್ರೂ ದಾಟಾಕಾಗಲ್ಲ.”

“ಎಷ್ಟು ದಿನ ಆಗಬಹುದು?”

“ಈ ಮಳೆ ಕಳೀಬೇಕು. ಆಮ್ಯಾಕೆ ಪುಷ್ಯ ಉಯ್ದೆ ಇರ್ಬೇಕು. ಅತ್ತು ದಿನವೋ, ಅದಿನೈದೋ.”

ಇನ್ನೊಂದು ಕಡೆ ಕಾಡು. ಎನ್. ಬೇಗೂರಿನ ಕಡೆಗೆ ಹೋಗುವ ಕಾಲುದಾರಿಗೂ ಹೊಳೆ ಅಡ್ಡ. ನಲವತ್ತು ಮನೆಗಳ ಹೊಟ್ಟೆ ಈಗ ನನ್ನ ಬಿಸಿ ಮೂಟೆಗಳ ಮೇಲೆ ನಿಂತಿತ್ತು. ಹೊಲದಲ್ಲಿ ರಾಗಿ ಇನ್ನೂ ಗೇಣುದ್ದ. ಮನೆಗಳಲ್ಲಿದ್ದ ಹಳೆಯದನ್ನು ಸರ್ಕಾರ ವಸೂಲು ಮಾಡುವ ಲೆವಿಗೆ ಕೊಟ್ಟಾಗಿತ್ತು.

ಸುದ್ದಿ ತಿಳಿದು ಐದಾರು ಹೆಂಗಸರು ಬಂದರು. ಮೂಟೆಗಳನ್ನು ಬಿಚ್ಚಿ ಹೋಟ್ಲಿನ ನೆಲದ ಮೇಲೆ ಸುರಿದು ಮೂರು ರಾಶಿ ಮಾಡಿದರು. ಕಪ್ಪಾಗಿ ಮುಗ್ಗಲು ಹಿಡಿದದ್ದು ಒಂದು, ಮೊಳೆತದ್ದು ಒಂದು, ಒಣಗಿರುವುದು ಒಂದು. ಮೊಳೆತದ್ದನ್ನು ನನ್ನ ಉಪ್ಪಿಟ್ಟಿನ ಬಾಣಲೆಯಲ್ಲೇ ಹುರಿದರು, ಅದು ಅಂಬಲಿಗಾಯಿತು. ಮುಗ್ಗಲಿನದೇ ದೊಡ್ಡ ರಾಶಿ. ಅದನ್ನು ಕೆರೆಯ ಕೋಡಿಗೆ ಸುರಿಯುವಾಗ ನನಗೆ ಅಳು ಬಂತು, ಮಳೆ ಇದ್ದುದರಿಂದ ಯಾರಿಗೂ ಕಾಣಲಿಲ್ಲ. ಉಳಿದದ್ದನ್ನು ಅಳೆದು ನೋಡಿದೆ. ತಲೆಗೆ ಅರ್ಧ ಸೇರಿನಂತೆ ಕೊಟ್ಟರೆ ನಾಲ್ಕು ದಿನ.

ಮರುದಿನ ಬೆಳಿಗ್ಗೆ ನಲವತ್ತು ಮನೆಯವರೂ ಬಾಗಿಲಲ್ಲಿದ್ದರು. ದಿನವೂ “ಬುದ್ಧಿ, ಬುದ್ಧಿ” ಎನ್ನುತ್ತಿದ್ದ ಜನ ಅಂದು ಬಾಗಿಲ ಚೌಕಟ್ಟನ್ನೇ ಅಲುಗಾಡಿಸಿದರು. ಒಬ್ಬ ತನ್ನ ಪಾಲು ಒಯ್ದು, ತಲೆಗೆ ಟವಲು ಸುತ್ತಿಕೊಂಡು ಮತ್ತೆ ಬಂದ. ಮನೆಯಲ್ಲಿ ಇಲ್ಲದ ಮಕ್ಕಳ ಹೆಸರು ಹೇಳಿ ಒಬ್ಬಳು ಕೇಳಿದಳು. ಸಿಟ್ಟಿನಿಂದ ನಾನು ಕೈಯಲ್ಲಿದ್ದ ಪಾವನ್ನು ಗೋಡೆಗೆ ಎಸೆದೆ. ಎಸೆದು ಏನು ಬಂತು, ಅದನ್ನು ನಾನೇ ಎತ್ತಿಕೊಂಡು ಬಂದು ಮತ್ತೆ ಅಳೆಯಬೇಕಾಯಿತು. ನಾಲ್ಕು ದಿನಕ್ಕೆಂದು ಅಳೆದಿದ್ದ ರಾಗಿ ಒಂದೇ ಬೆಳಗಿನಲ್ಲಿ ಖಾಲಿಯಾಯಿತು. ಒಯ್ದವರು ಅದನ್ನು ಬೇಯಿಸುವುದಿಲ್ಲ, ಅಡಗಿಸಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಎಲ್ಲರೂ ಹೋದ ಮೇಲೆ ಒಬ್ಬರು ಉಳಿದರು. ಊರೆಲ್ಲ ದೊಡ್ಡವ್ವ ಎಂದು ಕರೆಯುವ ವಿಧವೆ. ಕೆರೆಯ ಹಿಂದಿನ ದಿಣ್ಣೆಯ ಮೇಲೆ ಒಬ್ಬರೇ ಇದ್ದರು, ಎರಡು ಎಮ್ಮೆ ಮತ್ತು ಒಂದು ಹುಲ್ಲಿನ ಬಣವೆಯೊಂದಿಗೆ. ತಮ್ಮ ಪಾಲನ್ನು ಅವರು ತೆಗೆದುಕೊಂಡಿರಲಿಲ್ಲ. ಬೆಂಚಿನ ಮೇಲೆ ಕುಳಿತು ಸೆರಗು ಹಿಂಡಿಕೊಂಡರು.

“ಅಂಗ್ಡಿಯಪ್ಪ, ನನ್ ಬಣವೆ ಕೆಳಗೆ ಒಂದು ಅಗೇವು ಐತೆ ಕಣಪ್ಪ.”

ನಾನು ಲೋಟ ತೊಳೆಯುವುದನ್ನು ನಿಲ್ಲಿಸಿದೆ. ಹಗೇವು ಎಂದರೆ ನೆಲದೊಳಗಿನ ಕಣಜ. ಕಿರಿದಾದ ಬಾಯಿ, ಒಳಗೆ ಎರಡು ಆಳುದ್ದದ ಹೊಟ್ಟೆ. ಗಟ್ಟಿ ಗೊರಚು ನೆಲದಲ್ಲಿ ತೋಡಿ, ರಾಗಿ ತುಂಬಿ, ಬಾಯಿಗೆ ಹುಲ್ಲು, ಚಪ್ಪಡಿ, ಮಣ್ಣು ಹಾಕಿ ಮುಚ್ಚುತ್ತಾರೆ. ಕೇಳಿದ್ದೆ, ಕಂಡಿರಲಿಲ್ಲ.

“ಯಾವಾಗ ತುಂಬಿದ್ದು ದೊಡ್ಡವ್ವ?”

“ನಮ್ಮೆಜಮಾನ್ರು ಓಗಿ ಒಂಬತ್ತು ವರ್ಸ. ಅದ್ಕೂ ಮುಂಚೆ. ಕಡೆ ಸರ್ತಿ ಅವ್ರೇ ಇಳುದಿದ್ರು.”

“ಎಷ್ಟಿದೆ?”

ಅವರು ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು. “ಅದ ಕೇಳ್ಬಾರ್ದು ಕಣಪ್ಪ. ಇಳುದೋನು ಆಳ ಏಳ್ಬಾರ್ದು, ಮನೆಯೋರು ಕೇಳ್ಬಾರ್ದು. ‘ಐತಾ’ ಅಂತ ಒಂದು ಮಾತು ಕೇಳ್ತೀವಿ. ‘ಐತೆ’ ಅಂತಾನೆ. ಅಷ್ಟೇಯ.”

ಅವರು ಯಾಕೆ ಎಲ್ಲರೂ ಹೋಗುವವರೆಗೆ ಕಾದರು ಎಂಬುದು ಆಗ ನನಗೆ ಹೊಳೆಯಿತು. ಹೇಳದೆ ಬಚ್ಚಿಟ್ಟ ಧಾನ್ಯ ಸಿಕ್ಕಿದರೆ ಹೋಬಳಿಯ ಕಂದಾಯ ಅಧಿಕಾರಿ ಶೇಕ್ದಾರರು ವಶಪಡಿಸಿಕೊಂಡು, ಇಟ್ಟವರ ಮೇಲೆ ಕೇಸು ಹಾಕುತ್ತಿದ್ದರು. ಅಂಥದ್ದು ಕಿವಿಗೆ ಬಿದ್ದ ಕೂಡಲೇ ತಿಳಿಸುತ್ತೇನೆ ಎಂದು ಪರವಾನಗಿ ಪಡೆಯುವಾಗ ರುಜು ಹಾಕಿದವನು ನಾನು. ಈ ಕೆರೆಯ ಸುತ್ತ ಅವರನ್ನು ಹಿಡಿದುಕೊಡಬೇಕಾದ ಮನುಷ್ಯ ಒಬ್ಬನೇ ಇದ್ದ. ಅವರು ನೇರವಾಗಿ ಅವನ ಬಳಿಗೇ ಬಂದಿದ್ದರು.

“ನನ್ನ ಹತ್ತಿರ ಯಾಕೆ ಹೇಳಿದಿರಿ?”

“ಇಳಿಯಾಕೆ ಯಾರೂ ಒಪ್ಪಾಕಿಲ್ಲ. ನಾಳೆ ಶೇಕ್ದಾರ್ರು ಬಂದು ಇಳುದೋನ್ಯಾರು ಅಂದ್ರೆ? ಎದುರ್ಕೋತಾರೆ. ಬರ್ದು ಕೊಡೋನು ನೀನು. ನೀನೇ ಇಳುದ್ರೆ ಉಳುದೋರು ಧೈರ್ಯವಾಗಿ ಉಣ್ತಾರೆ.”

ನಾನು ತಕ್ಷಣ ಒಪ್ಪಿಕೊಳ್ಳಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಪರವಾನಗಿ ಹೋದರೆ ಹುಣಸೂರಿನಲ್ಲಿ ನಮ್ಮ ತಂದೆಗೆ ಮುಖ ತೋರಿಸುವುದು ಹೇಗೆ ಎಂದು ಯೋಚಿಸಿದೆ. ಹಂಡೆಯಲ್ಲಿ ಉಳಿದಿದ್ದ ಅಂಬಲಿಯನ್ನು ಅವರಿಗೆ ಬಗ್ಗಿಸಿ ಕೊಟ್ಟೆ. ಅವರು ಅರ್ಧ ಕುಡಿದು, ಅರ್ಧವನ್ನು ದಿಣ್ಣೆಯ ಕೆಳಗಿನ ಮನೆಯ ಬಾಣಂತಿಗೆಂದು ಮುಚ್ಚಿ ತೆಗೆದಿಟ್ಟುಕೊಂಡರು. “ನಡೀರಿ, ನಾನೇ ಇಳಿಯುತ್ತೇನೆ,” ಎಂದೆ.

ಮರುದಿನ ಮಳೆ ಹೊಳವು ಕೊಟ್ಟಾಗ ಬಣವೆ ಸರಿಸಿದರು. ಊರೆಲ್ಲ ಸೇರಿತ್ತು. ದೊಡ್ಡವ್ವ ಬರಿಗಾಲಿನಲ್ಲಿ ನೆಲ ತುಳಿಯುತ್ತ ನಾಲ್ಕು ಹೆಜ್ಜೆ ನಡೆದು, ಒಂದು ಕಡೆ ಹಿಮ್ಮಡಿ ಊರಿ, “ಇಲ್ಲಿ,” ಎಂದರು. ಮೊಳದ ಆಳದಲ್ಲಿ ಚಪ್ಪಡಿ ಸಿಕ್ಕಿತು. ಒಂದು ಗೇಣೂ ಅತ್ತಿತ್ತ ಇರಲಿಲ್ಲ. ಹತ್ತು ದಿನದ ಮಳೆಗೆ ಕೆರೆಯೇ ಕೋಡಿ ಬಿದ್ದಿದೆ, ನನ್ನ ಗೋಡೆ ಕರಗುತ್ತಿದೆ. ಆ ಚಪ್ಪಡಿಯ ಕೆಳಗಿನ ಹುಲ್ಲು ಮಾತ್ರ ಮುರಿದರೆ ಚಟ್ಟೆನ್ನುವಷ್ಟು ಒಣಗಿತ್ತು. ಯಾವ ಮಳೆಗೂ ಒಸರದ ನೆಲ ಯಾವುದು ಎಂದು ಇದನ್ನು ತೋಡಿದವರಿಗೆ ಗೊತ್ತಿತ್ತು.

ಚಪ್ಪಡಿ ಎತ್ತಿದ ಕೂಡಲೇ ಇಳಿಯಲು ಹೊರಟೆ. ದೊಡ್ಡವ್ವ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. “ಸಾಯ್ಬೇಕಾ ನೀನು? ಅಗೇವು ಒಂಬತ್ತು ವರ್ಸದಿಂದ ಉಸುರು ಕಟ್ಕೊಂಡದೆ. ಮೊದ್ಲು ಅದು ಉಸುರು ಬುಡ್ಲಿ.”

ಹೊಂಗೆ ಸೊಪ್ಪಿನ ದೊಡ್ಡ ಕೊಂಬೆಗೆ ಹಗ್ಗ ಕಟ್ಟಿ ಬಾಯೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸತೊಡಗಿದರು. ಒಬ್ಬ ದಣಿದರೆ ಇನ್ನೊಬ್ಬ. ಆಮೇಲೆ ಹರಳೆಣ್ಣೆ ದೀಪವನ್ನು ಮಡಕೆಯಲ್ಲಿಟ್ಟು ಬಿಟ್ಟರು. ಒಂದು ಆಳು ಇಳಿಯುವಷ್ಟರಲ್ಲಿ ಆರಿತು. ಗಾಳಿಗೆ ಆರಿತೆಂದು ನಾನು ಅಂದುಕೊಂಡೆ. ಗಾಳಿಯೇ ಇಲ್ಲದ್ದಕ್ಕೆ ಆರಿತು ಎಂದು ಗಾಡಿಯವನು ಹೇಳಿದ. ಈ ಸಲ ಅವನ ಬಾಯಿ ಮುಚ್ಚಿಸಲಿಲ್ಲ. ಮತ್ತೆ ಸೊಪ್ಪು, ಮತ್ತೆ ದೀಪ. ಎರಡನೆಯದೂ ಆರಿತು, ಮೂರನೆಯದೂ ಆರಿತು. ಮಧ್ಯಾಹ್ನ ಹೊತ್ತು ವಾಲುವಾಗ ನಾಲ್ಕನೆಯ ದೀಪ ತಳದಲ್ಲಿ ನಿಂತು ಉರಿಯಿತು. ಆ ಪುಟ್ಟ ಉರಿಯನ್ನು ನೋಡಿ ನನಗೆ ಗುಡಿಯಲ್ಲಿ ನಿಂತ ಹಾಗೆ ಕೈ ಮುಗಿಯಬೇಕೆನಿಸಿತು.

ನನ್ನ ಸೊಂಟಕ್ಕೆ ಹಗ್ಗ ಬಿಗಿದು ಗಾಡಿಯವನು ಹೇಳಿದ: “ಮಾತಾಡ್ತಾನೇ ಇರ್ಬೇಕು ಬುದ್ಧಿ. ಮಾತು ನಿಂತ್ರೆ ಎಳ್ಕೋತೀವಿ.”

ಏನು ಮಾತಾಡುವುದು? ನನಗೆ ಬಾಯಿಗೆ ಬಂದದ್ದು ಮಗ್ಗಿ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಎಂದು ಕೂಗುತ್ತ ಇಳಿದೆ. ಗೊರಚು ಗೋಡೆ ಕೈಗೆ ಒರಟಾಗಿ, ತಣ್ಣಗೆ, ಒಣಗಿ ತಾಗುತ್ತಿತ್ತು. ಏಳರ ಮಗ್ಗಿಗೆ ಕಾಲು ರಾಗಿಗೆ ತಗುಲಿತು. ಒಂದು ಹಿಡಿ ಎತ್ತಿ ದೀಪಕ್ಕೆ ಹಿಡಿದೆ. ಹುಳುವಿಲ್ಲ, ಮುಗ್ಗಲಿಲ್ಲ, ನಿನ್ನೆ ಕಣದಿಂದ ತಂದ ಹಾಗೆ ಕೆಂಪಗೆ ಬೆರಳ ನಡುವೆ ಜಾರಿತು. ಒಂದು ತಿಂಗಳು ರಾಗಿಯನ್ನು ಕಾಪಾಡಲಾಗದ ನಾನು ಒಂಬತ್ತು ವರ್ಷ ಕಾದ ರಾಗಿಯ ಮೇಲೆ ನಿಂತಿದ್ದೆ. ದೀಪವನ್ನು ಸುತ್ತ ತಿರುಗಿಸಿದೆ.

ಆ ದಿಣ್ಣೆಯೂ ಕೆರೆಯೂ ಈಗ ಹೊಳೆಗೆ ಕಟ್ಟಿದ ಅಣೆಕಟ್ಟಿನ ನೀರಿನಡಿ ಇವೆ. ಇನ್ನು ಯಾರೂ ಅಲ್ಲಿ ಇಳಿಯುವುದಿಲ್ಲ, ಆದ್ದರಿಂದ ಹೇಳುತ್ತೇನೆ. ರಾಗಿ ನನ್ನ ಮೊಣಕಾಲಿನವರೆಗೆ ಇತ್ತು. ಗೋಡೆಯ ಅಂಚಿನಲ್ಲಿ ನೆಲವೇ ಕಾಣುತ್ತಿತ್ತು. ಊರಿಗೆ ಹಂಚಿದರೆ ನಾಲ್ಕು ದಿನ, ಬಹಳವೆಂದರೆ ಐದು.

ನನ್ನ ಮಗ್ಗಿ ನಿಂತುಹೋಗಿತ್ತು. ಹಗ್ಗ ಜಗ್ಗಿತು. ಕೆಟ್ಟ ಗಾಳಿ ಹಿಡಿಯಿತೆಂದು ನಾಲ್ಕು ಜನ ಸೇರಿ ಎಳೆದೇ ಎಳೆದರು. ಮಂಡಿ, ಮೊಣಕೈ ತರಚಿಕೊಂಡು ಮೇಲೆ ಬಂದು ಬಿದ್ದೆ. ಕಣ್ಣು ಬಿಟ್ಟರೆ ಸುತ್ತ ನಲವತ್ತು ಮನೆಗಳ ಮುಖ. ನಿನ್ನೆ ನನ್ನ ಬಾಗಿಲು ಅಲುಗಾಡಿಸಿದ ಮುಖಗಳು.

ದೊಡ್ಡವ್ವ ಬಗ್ಗಿ ಕೇಳಿದರು. “ಐತಾ?”

ನಾನು ವ್ಯಾಪಾರದವನು. ಅಳತೆ ಹೇಳುವುದು ನನ್ನ ಕಸುಬು. ಮೊಣಕಾಲುದ್ದ ಎಂದು ನಾಲಗೆಯ ತುದಿಗೆ ಬಂದಿತ್ತು. ನೆಲ ನೋಡುತ್ತ, “ಐತೆ,” ಎಂದೆ.

ಯಾರೂ ಕೂಗಾಡಲಿಲ್ಲ. ಒಂದು ಉಸಿರು ಮಾತ್ರ ಕೇಳಿಸಿತು, ಎಲ್ಲರೂ ಒಟ್ಟಿಗೆ ಬಿಟ್ಟದ್ದು. ಅಂದು ಮತ್ತೆ ಇಳಿದು ಎರಡು ಬುಟ್ಟಿ ಮೇಲೆ ಕಳಿಸಿದೆ. ಹಗೇವು ತೆಗೆದ ದಿನ ಅಲ್ಲಿ ನಿಂತವರೆಲ್ಲ ಆ ರಾಗಿ ಉಣ್ಣಬೇಕಂತೆ. ಬೀಸಿ, ಮನೆಮನೆಗೂ ಹಿಟ್ಟು ಹೋಯಿತು.

ನಾನು ಮಾತ್ರ ನಿದ್ದೆಗೆಟ್ಟೆ. ಸುಳ್ಳು ಹೇಳಿದ್ದೇನೆ, ಐದನೆಯ ದಿನ ಇವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಹೆದರಿದೆ. ಅಳತೆ ಕಡಿಮೆ ಮಾಡೋಣವೆಂದರೆ ಗುಟ್ಟು ರಟ್ಟಾಗುತ್ತದೆ. ಎರಡನೆಯ ಬೆಳಿಗ್ಗೆ ಬುಟ್ಟಿ ತೆಗೆದುಕೊಂಡು ದಿಣ್ಣೆ ಹತ್ತುವಾಗ ಒಬ್ಬ ಹೆಂಗಸು ದಾರಿಯಲ್ಲಿ ತಡೆದಳು. ಮೊನ್ನೆ ಇಲ್ಲದ ಮಕ್ಕಳ ಹೆಸರಿನಲ್ಲಿ ಕೇಳಿದವಳು ಅವಳೇ.

“ನಮ್ಗೆ ಇವತ್ತು ಬ್ಯಾಡಿ ಬುದ್ಧಿ. ಅಲಸಿನ ಬೀಜ ಬೇಯ್ಸಿದೀನಿ. ರಾಗಿ ಅಲ್ಲೇ ಇರ್ಲಿ, ಎಲ್ಗೋಯ್ತದೆ?”

ಅವಳ ಹಿಂದೆಯೇ ಇನ್ನೊಬ್ಬ. ಕೆರೆಯಲ್ಲಿ ಬಿದಿರಿನ ಕೂಳಿ ಒಡ್ಡಿ ಮೀನು ಹಿಡಿದಿದ್ದ, ಇವತ್ತಿಗೆ ಅಷ್ಟು ಸಾಕು ಎಂದ. ಟವಲು ಸುತ್ತಿಕೊಂಡು ಎರಡನೆಯ ಸಲ ಬಂದಿದ್ದವನು ಒಯ್ದಿದ್ದ ರಾಗಿಯನ್ನು ಗೋಣಿಯಲ್ಲಿ ತಂದು, ಮುಖ ಆ ಕಡೆ ತಿರುಗಿಸಿಕೊಂಡು, ಬಾಣಂತಿಯ ಮನೆಯ ಜಗುಲಿಯ ಮೇಲಿಟ್ಟು ಹೋದ. ಕಾಡಿನಂಚಿನ ಹಾಡಿಯವರು ಎಳೆ ಬಿದಿರಿನ ಕಳಲೆಯನ್ನೂ ಗೆಣಸನ್ನೂ ತಂದರು. ಕಳಲೆಯನ್ನು ಹೆಚ್ಚಿ ಮೂರು ದಿನ ನೀರು ಬದಲಾಯಿಸಿ ಕಹಿ ತೆಗೆಯುವುದನ್ನು ಹೇಳಿಕೊಟ್ಟರು. ಕೆರೆಯಂಚಿನಲ್ಲಿ ನಾನು ದಿನವೂ ತುಳಿದು ಓಡಾಡುತ್ತಿದ್ದ ಹಸುರಿನಲ್ಲಿ ಹೆಂಗಸರು ಹನ್ನೊಂದು ಬಗೆಯ ಸೊಪ್ಪು ಕಿತ್ತರು. ಅದರಲ್ಲಿ ಎರಡರ ಹೆಸರು ಮಾತ್ರ ನನಗೆ ಗೊತ್ತಿತ್ತು. ಈ ಊರಿಗೆ ಉಣ್ಣಿಸುವವನು ನಾನೇ ಎಂದು ಬೀಗುತ್ತಿದ್ದೆನಲ್ಲ, ನಾಚಿಕೆಯಾಯಿತು.

ಹೋಟ್ಲಿನ ಒಲೆಯ ಮೇಲೆ ಆ ಸೊಪ್ಪುಗಳ ಸಾರು ದಿನವೂ ಕುದಿಯಿತು. ಮೀನು, ಏಡಿ ಹಿಡಿದವರು ಅದನ್ನು ತಮ್ಮ ಮನೆಗಳಲ್ಲೇ ಬೇಯಿಸಿಕೊಂಡರು. ಮೀನು ಮಾಂಸ ಮುಟ್ಟದ ನನ್ನ ಒಲೆಯ ಮರ್ಯಾದೆಯನ್ನು ಅವರೇ ಕಾಪಾಡಿದರು. ಕಣ್ಣೆದುರು ಮೂಟೆ ಕರಗುತ್ತಿದ್ದಾಗ ಕಿತ್ತಾಡಿದ ಜನ, ಕಾಣದ ಹಗೇವಿನ ಮೇಲೆ ಭರವಸೆಯಿಟ್ಟು ಕೈಬಿಚ್ಚಿದರು. ದಿನವೂ ನಾನೊಬ್ಬನೇ ಇಳಿದೆ, ಮಗ್ಗಿ ಹೇಳಿದೆ, ಮೇಲೆ ಬಂದು ‘ಐತೆ’ ಎಂದೆ. ಹಗೇವಿನ ನಾಲ್ಕು ದಿನದ ರಾಗಿ ಒಂಬತ್ತು ದಿನ ಬಂತು. ಇದನ್ನು ಯಾವ ಲೆಕ್ಕದಿಂದಲೂ ನನಗೆ ಇವತ್ತಿನವರೆಗೆ ಬಿಡಿಸಲಾಗಿಲ್ಲ.

ಹತ್ತನೆಯ ಬೆಳಿಗ್ಗೆ ಹಳ್ಳ ಇಳಿದು, ಬಿದಿರ ತೆಪ್ಪದ ಮೇಲೆ ಶೇಕ್ದಾರರು ಬಂದರು. ನಡುವಯಸ್ಸಿನ, ಮಿತಮಾತಿನ ಮನುಷ್ಯ. ಕೋಟು ಮೊಣಕಾಲವರೆಗೆ ಕೆಸರಾಗಿತ್ತು. ತೆಪ್ಪದಲ್ಲಿ ಎರಡು ಮೂಟೆ ರಾಗಿ ತಂದಿದ್ದರು.

“ಏನ್ರೀ ಇದು, ಎಲ್ಲ ಕಂಗಾಲಾಗಿರ್ತೀರಿ ಅಂದ್ಕೊಂಡು ಬಂದೆ. ಏನು ತಿಂದ್ರಿ ಇಷ್ಟು ದಿನ?”

ನಾನು ಉತ್ತರ ಹುಡುಕುವ ಮೊದಲೇ ದೊಡ್ಡವ್ವ ಮುಂದೆ ಬಂದರು. “ನನ್ ಅಗೇವು ತೆಗ್ದೆ ಬುದ್ಧಿ. ಲೆಕ್ಕಕ್ಕೆ ಬರ್ಸಿರ್ಲಿಲ್ಲ. ತಪ್ಪು ನಂದು, ಇವ್ರು ಯಾರ್ದೂ ಅಲ್ಲ.”

“ಇಳಿದವನು ನಾನು,” ಎಂದೆ.

ಅವರು ಇಬ್ಬರನ್ನೂ ನೋಡಿದರು. “ಇನ್ನೂ ಎಷ್ಟಿದೆ?” ಎಂದು ನನ್ನನ್ನು ಕೇಳಿದರು. ದೊಡ್ಡವ್ವನೇ ಹೇಳಿದರು: “ಅವ್ನು ಏಳಾಕಿಲ್ಲ ಬುದ್ಧಿ. ನೀವೇ ಇಳುದ್ ನೋಡಿ.”

ಇಳಿಯಲಾರರು ಎಂದುಕೊಂಡಿದ್ದೆ. ಅವರು ಕೋಟು ಕಳಚಿ ನನ್ನ ಕೈಗೆ ಕೊಟ್ಟು, ತಾವೇ ದೀಪ ಬಿಟ್ಟು ಉರಿಯುವುದನ್ನು ಕಾದು ನೋಡಿದರು. ಹಳ್ಳಿಯಲ್ಲಿ ಬೆಳೆದವರೆಂದು ಆಗ ತಿಳಿಯಿತು. ಮಾತಾಡುತ್ತಿರಬೇಕೆಂದು ಯಾರೂ ಹೇಳಬೇಕಾಗಲಿಲ್ಲ. ತಮ್ಮ ಹೋಬಳಿಯ ಹಳ್ಳಿಗಳ ಹೆಸರನ್ನು ಒಂದೊಂದಾಗಿ ಹೇಳುತ್ತ ಇಳಿದರು. ಹಗ್ಗ ನನ್ನ ಕೈಯಲ್ಲಿತ್ತು. ತಳದಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು: ಗುಡಿಸಿದರೆ ಒಂದು ಮೊರದಷ್ಟು. ಹನ್ನೆರಡನೆಯ ಹಳ್ಳಿಗೆ ಅವರ ಧ್ವನಿ ನಿಂತಿತು. ಗಾಡಿಯವನು ಎಳೆಯಲು ಕೈ ಹಾಕಿದ. ನಾನು ತಡೆದೆ. ನಿಂತ ಮಾತು ಗಾಳಿಯಿಲ್ಲದ್ದಕ್ಕೆ ನಿಂತದ್ದಲ್ಲ ಎಂದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಹದಿಮೂರನೆಯ ಹಳ್ಳಿಯ ಹೆಸರು ಮೆಲ್ಲಗೆ ಮೇಲೆ ಬಂತು.

ಹೊರಗೆ ಬಂದು ಮೈ ಕೊಡವಿಕೊಂಡರು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಇದ್ದುದನ್ನು ಇದ್ದಂತೆ ಹೇಳಿದ್ದರೆ ದೊಡ್ಡವ್ವ ಅಲ್ಲೇ ಪಾರಾಗುತ್ತಿದ್ದರು. ವಶಪಡಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ಆದರೆ ಗಾಡಿ ಬರಲು ಇನ್ನೂ ಎರಡು ದಿನವಿತ್ತು, ಹಗೇವು ಬರಿದೆಂದು ತಿಳಿದರೆ ಊರು ಮತ್ತೆ ಕಿತ್ತಾಡುತ್ತಿತ್ತು.

“ಐತಾ ಬುದ್ಧಿ?” ಎಂದು ದೊಡ್ಡವ್ವ ಕೇಳಿದರು.

“ಐತೆ,” ಎಂದರು ಶೇಕ್ದಾರರು. ಕೋಟು ಹಾಕಿಕೊಂಡು, “ಚಪ್ಪಡಿ ಮುಚ್ಚಿ,” ಎಂದರು.

ಹಳ್ಳದವರೆಗೆ ಅವರ ಜೊತೆ ನಡೆದೆ. ವರದಿಯಲ್ಲಿ ಏನು ಬರೆಯುತ್ತೀರಿ ಎಂದು ಕೇಳುವ ಧೈರ್ಯ ಬರಲಿಲ್ಲ. ತೆಪ್ಪ ಹತ್ತುವಾಗ ಅವರೇ ಕೇಳಿದರು: “ಮೊದಲ ದಿನದಿಂದಲೂ ನಿಮಗೆ ಗೊತ್ತಿತ್ತೇನ್ರೀ?” ಹೌದೆಂದು ತಲೆಯಾಡಿಸಿದೆ. ಅವರು ನೀರು ನೋಡುತ್ತ ಕುಳಿತರು. ನನ್ನ ಮೇಲಾಗಲಿ ದೊಡ್ಡವ್ವನ ಮೇಲಾಗಲಿ ಯಾವ ಕಾಗದವೂ ಬರಲಿಲ್ಲ.

ಎರಡು ದಿನದ ಮೇಲೆ ಗಾಡಿ ಬಂತು. ಮೂಟೆಗಳನ್ನು ಗೋಡೆಗೆ ಒಂದು ಮೊಳ ಬಿಟ್ಟು ಜೋಡಿಸಿದೆ. ಕಾರ್ಡು ಹಿಡಿದು ಮೊದಲು ಬಂದವರು ದೊಡ್ಡವ್ವ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ಈ ಸುಗ್ಗೀಲಿ ಊರೋರೆಲ್ಲ ಒಂದೊಂದು ಕೊಳಗ ಆಕಿ ಅಗೇವು ತುಂಬ್ಸಾನ ಅಂತವ್ರೆ ಕಣಪ್ಪ,” ಎಂದರು. “ತುಂಬಾಕೆ ಬೇಕಾದಷ್ಟು ಜಾಗ ಐತೆ.”

ನಾನು ತಲೆ ಎತ್ತಿದೆ.

“ಕಡೆ ಸರ್ತಿ ಇಳುದು ಬಂದಾಗ ನಮ್ಮೆಜಮಾನ್ರೂ ನಿನ್ನಂಗೇ ನೆಲ ನೋಡ್ಕೊಂಡು ಐತೆ ಅಂದ್ರು. ಅವತ್ತಿಂದ ನಂಗೆ ಗೊತ್ತು. ಆ ಮಾತ್ನ ನಂಬ್ಕೊಂಡು ನಮ್ಮನೇಲಿ ಎಲ್ರೂ ಆ ವರ್ಸ ದಾಟ್ಕೊಂಡ್ರು ಕಣಪ್ಪ.”

ಹಗೇವು ಹೆಚ್ಚುಕಡಿಮೆ ಬರಿದೆಂದು ಗೊತ್ತಿದ್ದೇ ಅವರು ಜೈಲಿಗೂ ಸಿದ್ಧರಾಗಿ ಊರ ಮುಂದೆ ಅದರ ಬಾಯಿ ತೆಗೆಸಿದ್ದರು. ಅವರು ಚೀಲದ ಬಾಯಿ ಅಗಲಿಸಿ ಹಿಡಿದರು. ನಾನು ಸೇರು ತುಂಬಿ ಅಳೆಯತೊಡಗಿದೆ.